ಕಡಲು ತುಂಬಿಸಿ ಬೆಳೆದ ಮಕಾವು

ಚೀನಾದ ದಕ್ಷಿಣ ತೀರದಲ್ಲಿ ಪರ್ಲ್ ನದಿ ಕಡಲು ಸೇರುವಲ್ಲಿ, ಅಳಿವೆಯ ಪಡುವಣ ದಡಕ್ಕೆ ಅಂಟಿಕೊಂಡಿರುವ ಪುಟ್ಟ ಪ್ರದೇಶ ಮಕಾವು. ವಿಸ್ತೀರ್ಣ ಸುಮಾರು 33 ಚದರ ಕಿಲೋಮೀಟರ್. ಅದರಲ್ಲಿ ಆರೂವರೆ ಲಕ್ಷಕ್ಕೂ ಮಿಕ್ಕಿ ಜನ. ಇಷ್ಟು ನೆಲವೂ ಮೊದಲಿನಿಂದ ಇದ್ದದ್ದಲ್ಲ. ನೂರು ವರ್ಷಗಳ ಹಿಂದೆ ಇದರ ಅರ್ಧದಷ್ಟೂ ಇರಲಿಲ್ಲ. ಉಳಿದದ್ದನ್ನೆಲ್ಲ ಕಡಲಿಗೆ ಮಣ್ಣು ಸುರಿದು ಗಳಿಸಿಕೊಂಡದ್ದು. ತೈಪಾ ಮತ್ತು ಕೊಲೊಆನ್ ದ್ವೀಪಗಳ ನಡುವಿನ ನೀರನ್ನು ತುಂಬಿಸಿದ ಕೊಟಾಯ್‌ನಲ್ಲಿ ಈಗ ಊರಿನ ಅತಿ ದೊಡ್ಡ ಕ್ಯಾಸಿನೊಗಳು ನಿಂತಿವೆ.

ಪೋರ್ಚುಗೀಸರು ಇಲ್ಲಿ ನೆಲೆಯೂರಿದ್ದು 1557ರಲ್ಲಿ. ನಮ್ಮ ಕಾರವಾರದ ಮಗ್ಗುಲಿನ ಗೋವಾಕ್ಕೂ ಮಕಾವಿಗೂ ಹಳೆಯ ನಂಟಿದೆ: 1844ರವರೆಗೆ ಮಕಾವು ಆಡಳಿತದ ಲೆಕ್ಕದಲ್ಲಿ ಗೋವಾದ ಅಧೀನದಲ್ಲಿತ್ತು. ಚೀನಾದ ರೇಷ್ಮೆ ಇಲ್ಲಿಂದ ಜಪಾನಿಗೆ ಹೋಗಿ, ಅಲ್ಲಿನ ಬೆಳ್ಳಿ ಇಲ್ಲಿಗೆ ಬರುತ್ತಿದ್ದ ಕಾಲವೇ ಈ ಊರಿನ ಮೊದಲ ಸಿರಿ. 1835ರ ಬೆಂಕಿಗೆ ಆಹುತಿಯಾದ ಸೇಂಟ್ ಪಾಲ್ ಚರ್ಚಿನ ಮುಂಗೋಡೆ ಇಂದಿಗೂ ಒಂಟಿಯಾಗಿ ನಿಂತಿದೆ. ಪೋರ್ಚುಗೀಸರಿಗಿಂತ ಹಳೆಯದಾದ ಕಡಲದೇವತೆ ಆ-ಮಾಳ ಗುಡಿಯೂ, ಈ ಗೋಡೆಯೂ 2005ರಲ್ಲಿ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

1999ರ ಡಿಸೆಂಬರ್ 20ರಂದು ಮಕಾವು ಚೀನಾಕ್ಕೆ ಮರಳಿತು. 'ಒಂದು ದೇಶ, ಎರಡು ವ್ಯವಸ್ಥೆ' ಎಂಬ ಒಪ್ಪಂದದಂತೆ 50 ವರ್ಷ ತನ್ನದೇ ಕಾನೂನು, ನ್ಯಾಯಾಲಯ, ಪಟಾಕ ಎಂಬ ನಾಣ್ಯ. ರಕ್ಷಣೆ ಮತ್ತು ವಿದೇಶಾಂಗ ಬೀಜಿಂಗಿನ ಕೈಯಲ್ಲಿ. ಕಚೇರಿಗಳಲ್ಲಿ ಪೋರ್ಚುಗೀಸ್ ಈಗಲೂ ಅಧಿಕೃತ ಭಾಷೆಯಾದರೂ ಬೀದಿಯಲ್ಲಿ ಕೇಳುವುದು ಕ್ಯಾಂಟನೀಸ್. 33 ಸದಸ್ಯರ ಶಾಸನಸಭೆಗೆ ಜನರು ನೇರವಾಗಿ ಆರಿಸಿ ಕಳಿಸುವುದು 14 ಮಂದಿಯನ್ನು ಮಾತ್ರ. 2021ರಲ್ಲಿ ಪ್ರಜಾಪ್ರಭುತ್ವದ ಪರವಾಗಿದ್ದ ಅನೇಕ ಅಭ್ಯರ್ಥಿಗಳನ್ನು ಅನರ್ಹಗೊಳಿಸಿದ ಮೇಲೆ ಆ 14 ಸ್ಥಾನಗಳಿಗೂ ಇದ್ದ ತೂಕ ತಗ್ಗಿತು.

ಹಣದ ಕತೆಯೇ ಬೇರೆ. ಚೀನಾದ ನೆಲದಲ್ಲಿ ಕ್ಯಾಸಿನೊಗೆ ಅನುಮತಿ ಇರುವುದು ಇಲ್ಲಿ ಮಾತ್ರ. 1962ರಿಂದ ನಾಲ್ಕು ದಶಕ ಸ್ಟಾನ್ಲಿ ಹೋ ಅವರ ಕಂಪನಿಯ ಏಕಸ್ವಾಮ್ಯದಲ್ಲಿದ್ದ ಜೂಜು 2002ರಲ್ಲಿ ಇತರರಿಗೂ ತೆರೆದುಕೊಂಡಿತು. ನಾಲ್ಕೇ ವರ್ಷಗಳಲ್ಲಿ ಆದಾಯ ಲಾಸ್ ವೇಗಾಸ್ ಸ್ಟ್ರಿಪ್ಪನ್ನು ಮೀರಿತು. ಸರ್ಕಾರದ ಖಜಾನೆ ತುಂಬುವುದು ಬಹುಪಾಲು ಈ ತೆರಿಗೆಯಿಂದ. ಕಾಯಂ ನಿವಾಸಿಗಳಿಗೆ ವರ್ಷಕ್ಕೆ 10,000 ಪಟಾಕ ನಗದು ಹಂಚುವಷ್ಟು ಸಮೃದ್ಧಿ. ಟೇಬಲಿನ ಹಿಂದೆ ನಿಂತು ಇಸ್ಪೀಟು ಹಂಚುವ ಡೀಲರ್ ಕೆಲಸ ಸ್ಥಳೀಯರಿಗೇ ಮೀಸಲು. ಹೋಟೆಲು, ಕಟ್ಟಡ, ಮನೆಗೆಲಸಗಳಿಗೆ ಹೊರಗಿನವರು ಬೇಕು. ಅವರಲ್ಲಿ ಅನೇಕರು ಬಾಡಿಗೆ ಅಗ್ಗವಿರುವ, ಗಡಿಯಾಚೆಯ ಝುಹೈ ನಗರದಲ್ಲಿ ಮಲಗಿ, ಬೆಳಗ್ಗೆ ಗಡಿ ದಾಟಿ ಬರುತ್ತಾರೆ. ಕುಡಿಯುವ ನೀರು ಬರುವುದೂ ಅಲ್ಲಿಂದಲೇ.

ಒಂದೇ ಕಂಬದ ಮೇಲೆ ನಿಂತ ಮನೆ ಎಂಬುದು 2020ರಲ್ಲಿ ಬಯಲಾಯಿತು. ಕೋವಿಡ್‌ನಿಂದ ಗಡಿ ಮುಚ್ಚಿದಾಗ ಆ ಒಂದೇ ವರ್ಷ ಆರ್ಥಿಕತೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ವೈದ್ಯಕೀಯ, ಹಣಕಾಸು, ಸಮ್ಮೇಳನ ಎಂದು ಬೇರೆ ದಾರಿ ಹುಡುಕಲು ಹೊರಟರೆ ಅದಕ್ಕೂ ಜಾಗ ಬೇಕು. ಹಾಗಾಗಿ ಎದುರಿನ ಹೆಂಗ್‌ಚಿನ್ ದ್ವೀಪದತ್ತ ಕಣ್ಣು. ಅದು ಮಕಾವಿಗಿಂತ ಮೂರು ಪಟ್ಟು ದೊಡ್ಡದು. ಮಕಾವು ವಿಶ್ವವಿದ್ಯಾಲಯ ಆಗಲೇ ಅಲ್ಲಿಗೆ ಸ್ಥಳಾಂತರಗೊಂಡಿದೆ. ನೀರಿನಡಿಯ ಸುರಂಗದಲ್ಲಿ ಆಚೆ ಹೋದ ವಿದ್ಯಾರ್ಥಿ ನಿಲ್ಲುವುದು ಚೀನಾದ ಮುಖ್ಯಭೂಮಿಯ ಆಡಳಿತಕ್ಕೆ ಸೇರಿದ ದ್ವೀಪದಲ್ಲಿ. ಕ್ಯಾಂಪಸ್ಸಿನ ಬೇಲಿಯೊಳಗೆ ನಡೆಯುವುದು ಮಾತ್ರ ಮಕಾವಿನ ಕಾನೂನು.