ರಕ್ತನಾಳ ಡ್ರಿಪ್ ಪೈಪ್ ಅಲ್ಲ

ಚಳ್ಳಕೆರೆ ಸೀಮೆಯ ಕೊಳವೆಬಾವಿ ನೀರು ಗಡುಸು. ಡ್ರಿಪ್ ಹಾಕಿಸಿದ ರೈತನಿಗೆ ಅದರ ಪಾಡು ಗೊತ್ತು: ಪೈಪಿನೊಳಗೆ ಬಿಳಿ ಉಪ್ಪು ಪದರಪದರವಾಗಿ ಕಟ್ಟುತ್ತದೆ, ಸಣ್ಣ ತೂತುಗಳು ಮುಚ್ಚುತ್ತವೆ, ಗಿಡದ ಬುಡಕ್ಕೆ ಹನಿ ಬೀಳುವುದು ನಿಲ್ಲುತ್ತದೆ. ಆಸಿಡ್ ಬಿಟ್ಟು ತೊಳೆದರೆ ಉಪ್ಪು ಕರಗಿ ನೀರು ಮತ್ತೆ ಹರಿಯುತ್ತದೆ. ಹೃದಯದಲ್ಲಿ 'ಬ್ಲಾಕ್' ಇದೆ ಎಂದು ಡಾಕ್ಟರು ಹೇಳಿದಾಗ ನಮ್ಮಲ್ಲಿ ಬಹಳ ಜನರ ಕಣ್ಣ ಮುಂದೆ ಬರುವುದು ಈ ಪೈಪೇ. ಎಣ್ಣೆ, ಜಿಡ್ಡು ಒಳಗೆ ಅಂಟಿಕೊಂಡಿದೆ, ಹುಳಿಯಾದದ್ದು ಏನಾದರೂ ಕುಡಿದರೆ ಕರಗುತ್ತದೆ ಎಂಬ ನಂಬಿಕೆ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಸೇಬಿನ ವಿನೆಗರ್ ಕುದಿಸಿ ಜೇನು ಬೆರೆಸಿದ ಕಷಾಯವೊಂದು ಮೊಬೈಲಿನಿಂದ ಮೊಬೈಲಿಗೆ ವರ್ಷಗಳಿಂದ ಹರಿದಾಡುತ್ತಿರುವುದು ಈ ನಂಬಿಕೆಯ ಬಲದಿಂದಲೇ. ಕಷಾಯ ಕುಡಿದರೆ ದೊಡ್ಡ ಕೇಡಿಲ್ಲ. ಅದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಮಾತ್ರ ಅಪಾಯ ಖಂಡಿತ ಇದೆ. ಈ ಪೈಪಿನ ಚಿತ್ರವೇ ತಪ್ಪು. ಎಣ್ಣೆಯ ಬಗ್ಗೆ, ನೋವಿನ ಮಾತ್ರೆಯ ಬಗ್ಗೆ, ಕಡೆಗೆ ಕ್ಯಾನ್ಸರ್ ಬಗ್ಗೆ ನಾವು ಇಟ್ಟುಕೊಂಡಿರುವ ಹಲವು ತಪ್ಪು ಕಲ್ಪನೆಗಳು ಇದರಿಂದಲೇ ಹುಟ್ಟಿವೆ.

ರಕ್ತನಾಳ ಜೀವವಿರುವ ಅಂಗ. ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ ಹೊದಿಸಿದಂತಿದೆ. ಮೊಳಕಾಲ್ಮುರು ಸೀರೆಯ ಒಂದು ಎಳೆ ರೇಷ್ಮೆಗಿಂತಲೂ ಅದು ತೆಳು. ನಾಳ ಯಾವಾಗ ಹಿಗ್ಗಬೇಕು, ಯಾವಾಗ ಕುಗ್ಗಬೇಕು, ರಕ್ತ ಎಲ್ಲಿ ಹೆಪ್ಪುಗಟ್ಟಬೇಕು, ಎಲ್ಲಿ ಕೂಡದು ಎಂಬುದನ್ನು ಹತೋಟಿಯಲ್ಲಿ ಇಡುವುದು ಈ ಪದರ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ನಾಳವನ್ನು ಸಡಿಲಿಸುತ್ತದೆ ಎಂದು ತೋರಿಸಿಕೊಟ್ಟ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಬೀಡಿಯ ಹೊಗೆ, ಏರಿದ ಬಿಪಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮೊದಲು ಕೆಡಿಸುವುದು ಈ ಪದರವನ್ನು. ಕೆಟ್ಟ ಜಾಗದಲ್ಲಿ ಎಲ್‌ಡಿಎಲ್ ಎಂಬ ಕೊಲೆಸ್ಟ್ರಾಲ್ ಕಣಗಳು ಗೋಡೆಯ ಒಳಕ್ಕೆ ನುಸುಳುತ್ತವೆ. ಅವನ್ನು ತಿಂದುಹಾಕಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಊದಿಕೊಂಡು ಅಲ್ಲೇ ಸಾಯುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಮುರಿದು ಒಳಗುಳಿದರೆ ಕೀವು ಕಟ್ಟುವಂತೆ, ಗೋಡೆಯೊಳಗೆ ವರ್ಷಗಟ್ಟಲೆ ಒಂದು ಉರಿಯೂತ ನಡೆಯುತ್ತದೆ. ಅದರ ಮೇಲೆ ತೆಳುವಾದ ಮುಚ್ಚಳವೂ ಬೆಳೆದಿರುತ್ತದೆ. ಒಂದು ದಿನ ಆ ಮುಚ್ಚಳ ಹರಿದರೆ ಒಳಗಿನದು ರಕ್ತಕ್ಕೆ ತಾಕಿ ನಿಮಿಷಗಳಲ್ಲಿ ಹೆಪ್ಪು ಕಟ್ಟುತ್ತದೆ. ಹೃದಯಾಘಾತ ಹೆಚ್ಚಾಗಿ ಆಗುವುದು ಹೀಗೆ. ಅಂದರೆ ಕೊಳೆ ಇರುವುದು ಗೋಡೆಯ ಒಳಗೆ, ನೀರು ಹರಿಯುವ ದಾರಿಯಲ್ಲಲ್ಲ. ಕುಡಿದ ನಿಂಬೆರಸ ಅಲ್ಲಿಗೆ ಮುಟ್ಟುವುದೇ ಇಲ್ಲ. ಅದಕ್ಕಿಂತ ಎಷ್ಟೋ ಪಟ್ಟು ಹುಳಿಯಾದ ಆಮ್ಲ ನಮ್ಮ ಜಠರದಲ್ಲೇ ಇದೆ, ರಕ್ತದ ಹುಳಿಯನ್ನು ಮಾತ್ರ ದೇಹ ಕೂದಲೆಳೆಯಷ್ಟೂ ಬದಲಾಗಲು ಬಿಡುವುದಿಲ್ಲ. ನಿನ್ನೆಯವರೆಗೂ ಹೊಲದಲ್ಲಿ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದವರು ಇಂದು ಕುಸಿದುಬೀಳುವುದಕ್ಕೂ ಕಾರಣ ಈ ಮುಚ್ಚಳ ಹರಿಯುವುದೇ. ದಾರಿ ಅರ್ಧ ಕೂಡ ಕಿರಿದಾಗದ ಕಡೆಯಲ್ಲೂ ಮುಚ್ಚಳ ಹರಿಯಬಹುದು.

ಇದು ಬರೀ ವಾದವಲ್ಲ. ರಕ್ತನಾಳದ ಗೋಡೆಯಲ್ಲಿ ಉರಿಯೂತ ಇದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಕೋ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದ್ದರು. 1913ರಲ್ಲಿ ರಷ್ಯದ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ನಾಳ ಕೆಡುವುದನ್ನು ತೋರಿಸಿದರು. ಯಾವುದು ಸರಿ ಎಂಬ ಜಗಳ ಬಹಳ ಕಾಲ ನಡೆಯಿತು. 2017ರಲ್ಲಿ ಬಂದ ಕ್ಯಾಂಟೋಸ್ ಎಂಬ ಪ್ರಯೋಗ ಉರಿಯೂತದ ಪಾತ್ರವನ್ನು ನೇರವಾಗಿ ಪರೀಕ್ಷಿಸಿತು. ಒಮ್ಮೆ ಹೃದಯಾಘಾತವಾಗಿದ್ದ, ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದ್ದ 10,061 ಜನರನ್ನು ಆರಿಸಿ, ಕೊಲೆಸ್ಟ್ರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಕೆನಕಿನುಮ್ಯಾಬ್ ಎಂಬ ಚುಚ್ಚುಮದ್ದನ್ನು ಅವರಲ್ಲಿ ಪರೀಕ್ಷಿಸಿದರು. ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಪಡೆದವರಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ಸುಮಾರು ಶೇ. 15ರಷ್ಟು ಕಡಿಮೆಯಾದವು. ಹಾಗಾದರೆ ಕೊಲೆಸ್ಟ್ರಾಲ್ ನಿರಪರಾಧಿಯೇ ಎಂದು ಕೇಳುವವರಿದ್ದಾರೆ. ಅಲ್ಲ. ಹುಟ್ಟಿನಿಂದಲೇ ಎಲ್‌ಡಿಎಲ್ ತುಂಬ ಹೆಚ್ಚಿರುವ ವಂಶಗಳಲ್ಲಿ ಮೂವತ್ತು ನಲವತ್ತರ ಪ್ರಾಯದಲ್ಲೇ ಹೃದಯಾಘಾತವಾಗುತ್ತದೆ, ಹುಟ್ಟಿನಿಂದ ಕಡಿಮೆ ಇರುವವರಲ್ಲಿ ಅದು ಅಪರೂಪ. ಎಲ್‌ಡಿಎಲ್ ಮುಳ್ಳಾದರೆ ಉರಿಯೂತ ಕೀವು. ಸ್ಟ್ಯಾಟಿನ್ ಮಾತ್ರೆ ಎರಡನ್ನೂ ತಗ್ಗಿಸುತ್ತದೆ, ಅದಕ್ಕೇ ಡಾಕ್ಟರು ಅದನ್ನು ಬಿಡಬೇಡಿ ಎನ್ನುವುದು.

ಎಣ್ಣೆಯ ಊರೆಂದೇ ಹೆಸರಾದ ಚಳ್ಳಕೆರೆಯ ವಿಷಯದಲ್ಲಿ ಎಣ್ಣೆಯ ಮಾತನ್ನು ಸ್ವಲ್ಪ ನಿಧಾನವಾಗಿ ಆಡಬೇಕು. ಶೇಂಗಾ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇದೆ, ಅದಕ್ಕೇ ಬಿಟ್ಟೆವು ಎನ್ನುವವರು ಒಂದು ಕಡೆ. ಗಾಣದ ಶೇಂಗಾ ಎಣ್ಣೆ ಎಷ್ಟು ತಿಂದರೂ ಏನೂ ಆಗದು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಪ್ಪು. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ಡಬ್ಬದ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ಬರೆದದ್ದಕ್ಕೆ ವಿಶೇಷ ಅರ್ಥವೇನೂ ಇಲ್ಲ. ಶೇಂಗಾ ಎಣ್ಣೆಯ ಬಹುಪಾಲು ಅಪರ್ಯಾಪ್ತ ಕೊಬ್ಬು, ಮಿತವಾಗಿ ಬಳಸಿದರೆ ಅದು ಒಳ್ಳೆಯ ಎಣ್ಣೆಯೇ. ಕೇಡು ಬೇರೆ ಕಡೆ ಇದೆ. ಸಂಜೆ ಮಂಡಕ್ಕಿ ಮಿರ್ಚಿ ಗಾಡಿಯ ಬಾಣಲೆಯನ್ನು ಹತ್ತಿರದಿಂದ ನೋಡಿ: ಎಣ್ಣೆ ಕಪ್ಪಾಗಿ, ಮಂದವಾಗಿ, ಅಂಚಿನಲ್ಲಿ ನೊರೆ ಕಟ್ಟಿ, ಮಿರ್ಚಿ ಬಿಡುವ ಮೊದಲೇ ಹೊಗೆಯಾಡುತ್ತಿದ್ದರೆ ಆ ಎಣ್ಣೆ ಕೆಟ್ಟಿದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಬಳಸಕೂಡದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದಲೇ ನಿಯಮ ಮಾಡಿದೆ. ವನಸ್ಪತಿಯ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುವುದರ ಜೊತೆಗೆ ಉರಿಯೂತವನ್ನೂ ಹೆಚ್ಚಿಸುತ್ತದೆ, 2022ರಿಂದ ಅದರ ಮಿತಿ ಶೇ. 2. ಇನ್ನು ಶೇಂಗಾ ಬೆಳೆಯುವವರು ಗಮನಿಸಬೇಕಾದ ಮತ್ತೊಂದು ಸಂಗತಿ ಬೂಷ್ಟು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ ಬೀಜದಲ್ಲಿ ಹಸಿರು ಹಳದಿ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಮನುಷ್ಯರಲ್ಲಿ ಇದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ ಎಂಬುದು ಸಂಶಯವಿಲ್ಲದ ಮಾತು. ಅರೆಯುವಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿದು ಸ್ವಲ್ಪ ಎಣ್ಣೆಗೂ ಬರುತ್ತದೆ. ಶುದ್ಧೀಕರಣದಲ್ಲಿ ಅದು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಗಾಣದ ಎಣ್ಣೆ ಬೇಕೆನ್ನುವವರು ಗಾಣಕ್ಕಿಂತ ಮೊದಲು ಬೀಜವನ್ನು ನೋಡಬೇಕು. ಸುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜ ಅರೆಯಲೂ ಬೇಡ, ತಿನ್ನಲೂ ಬೇಡ.

ರಕ್ತನಾಳದ ಮಾತಿನಲ್ಲಿ ಕ್ಯಾನ್ಸರ್ ಎಲ್ಲಿಂದ ಬಂತು ಎನ್ನಿಸಬಹುದು. ಎರಡನ್ನೂ ಜೋಡಿಸುವ ಕೊಂಡಿಗಳು ಎರಡು. ಮೊದಲನೆಯದು ಆಹಾರ ಪೂರೈಕೆ. ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯಬೇಕಾದರೆ ಅದಕ್ಕೆ ತನ್ನದೇ ರಕ್ತನಾಳ ಬೇಕು, ಅದಕ್ಕಾಗಿ ಅದು ಪಕ್ಕದ ನಾಳಗಳಿಂದ ಟಿಸಿಲೊಡೆಸಿಕೊಳ್ಳುತ್ತದೆ ಎಂದು ಅಮೆರಿಕದ ಜೂಡಾ ಫೋಕ್‌ಮನ್ 1971ರಲ್ಲಿ ಬರೆದಾಗ ನಂಬಿದವರು ಕಡಿಮೆ. 2004ರಲ್ಲಿ ಆ ಟಿಸಿಲನ್ನು ತಡೆಯುವ ಬೆವಾಸಿಜುಮ್ಯಾಬ್ ಔಷಧವಾಗಿ ಬಂತು. ಗಡ್ಡೆ ಕಟ್ಟಿಸಿಕೊಂಡ ನಾಳಗಳು ಅಂಕುಡೊಂಕು, ಸೋರುವಂಥವು. ಕ್ಯಾನ್ಸರ್ ಕೋಶಗಳು ದೂರದ ಅಂಗಕ್ಕೆ ಹೋಗುವುದು ಇಂಥ ನಾಳಗಳ ಮತ್ತು ದುಗ್ಧನಾಳಗಳ ದಾರಿಯಲ್ಲಿ. ಗಡ್ಡೆಗೆ ಸೂಜಿ ಹಾಕಿದರೆ ಹರಡುತ್ತದೆ ಎಂಬ ಹೆದರಿಕೆಯಲ್ಲಿ ಪರೀಕ್ಷೆ ಬೇಡವೆನ್ನುವವರು ಇದನ್ನು ತಿಳಿಯಬೇಕು: ಸೂಜಿಯಿಂದ ಹರಡುವುದು ತೀರಾ ವಿರಳ, ಮುಂದೂಡಿದ ಪ್ರತಿ ತಿಂಗಳೂ ಅದಕ್ಕೆ ದಾರಿ ಮಾಡಿಕೊಡುತ್ತದೆ. ಎರಡನೆಯ ಕೊಂಡಿ ಉರಿಯೂತ. ಒಂದೇ ಜಾಗ ಮತ್ತೆ ಮತ್ತೆ ಗಾಯವಾಗಿ ಮಾಯುತ್ತಿದ್ದರೆ ಅಲ್ಲಿನ ಕೋಶಗಳು ಮತ್ತೆ ಮತ್ತೆ ಒಡೆದು ಹೆಚ್ಚಬೇಕು, ಒಂದೊಂದು ಸಲವೂ ತಪ್ಪು ನಕಲಿಗೆ ಅವಕಾಶ. ಹೊಟ್ಟೆಯ ಬ್ಯಾಕ್ಟೀರಿಯಾದಿಂದ ಜಠರದ ಕ್ಯಾನ್ಸರ್, ಹೆಪಟೈಟಿಸ್ ಬಿ ವೈರಸ್‌ನಿಂದ ಯಕೃತ್ತಿನ ಕ್ಯಾನ್ಸರ್ ಬರುವುದರಲ್ಲಿ ಇದರ ಪಾಲು ದೊಡ್ಡದು. ನಮ್ಮಲ್ಲಿ ಕಣ್ಣಿಗೆ ಕಾಣುವ ಉದಾಹರಣೆ ಕೆನ್ನೆಯ ಒಳಭಾಗ. ಎಲೆ ಅಡಿಕೆಗೆ ಕಡ್ಡಿಪುಡಿ ಸೇರಿಸಿ ದವಡೆಯ ಸಂದಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಂಡವರ ಕೆನ್ನೆ ಬಿಳಿಚಿ, ಗಡುಸಾಗಿ, ಬಾಯಿ ಮೂರು ಬೆರಳು ಹಿಡಿಸುವಷ್ಟೂ ತೆರೆಯದಂತಾಗುತ್ತದೆ. ತಂಬಾಕಿಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕಗಳ ಹಿಂದೆಯೇ ಹೇಳಿದೆ. ಹಿರಿಯರ ಕಾಲದಿಂದ ತಿಂದುಬಂದದ್ದು ಎಂಬ ಮಾತು ಗೌರವದ್ದೇ, ಆದರೆ ಕೆನ್ನೆಯ ಗಾಯಕ್ಕೆ ಅದು ಉತ್ತರವಾಗುವುದಿಲ್ಲ.

ಉರಿಯೂತವೇ ಮೂಲವಾದರೆ ಉರಿಯೂತ ಇಳಿಸುವ ಮಾತ್ರೆ ನುಂಗಿದರಾಯಿತಲ್ಲ ಎಂಬುದು ಸಹಜವಾದ ಆಕ್ಷೇಪ. ಇಲ್ಲೇ ಹೆಚ್ಚು ಎಚ್ಚರ ಬೇಕು. ಕುಣಿಮಗ್ಗದಲ್ಲಿ ದಿನವಿಡೀ ಕೂತು ಸೊಂಟ ಹಿಡಿದವರು, ಶೇಂಗಾ ಕಿತ್ತು ಬೆನ್ನು ಬಗ್ಗಿದವರು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫಿನಾಕ್ ನೋವನ್ನೂ ಊತವನ್ನೂ ಇಳಿಸುತ್ತದೆ ನಿಜ. ದಿನಾ ನುಂಗಿದರೆ ಹೃದಯಾಘಾತದ ಅಪಾಯ ಏರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಅದೇ ಕುಟುಂಬಕ್ಕೆ ಹತ್ತಿರದ ರೋಫೆಕಾಕ್ಸಿಬ್ ಮಾತ್ರೆಯನ್ನು ಇದೇ ಕಾರಣಕ್ಕೆ 2004ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ಉರಿಯೂತ ಒಂದೇ ಬಗೆಯದಲ್ಲ, ದೇಹ ಸೋಂಕನ್ನು ಎದುರಿಸುವುದೂ ಅದರಿಂದಲೇ. ಕ್ಯಾಂಟೋಸ್ ಪ್ರಯೋಗದಲ್ಲೂ ಔಷಧ ಪಡೆದವರಲ್ಲಿ ಪ್ರಾಣಾಂತಿಕ ಸೋಂಕು ಹೆಚ್ಚಿತು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾದದ್ದು ಎಲ್ಲರನ್ನೂ ಅಚ್ಚರಿಗೊಳಿಸಿತು. ಆದರೆ ಆಮೇಲೆ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆಯೇ ನಡೆಸಿದ ಪ್ರಯೋಗಗಳಲ್ಲಿ ಅದೇ ಔಷಧ ಗೆಲ್ಲಲಿಲ್ಲ. ದಿನಕ್ಕೊಂದು ಆಸ್ಪಿರಿನ್ ಎಲ್ಲರಿಗೂ ಒಳ್ಳೆಯದು ಎಂಬುದೂ ಉಳಿದಿಲ್ಲ. ಆರೋಗ್ಯವಾಗಿದ್ದ 19,114 ಹಿರಿಯರ ಮೇಲೆ ನಡೆದ ಪ್ರಯೋಗ 2018ರಲ್ಲಿ ತೋರಿಸಿದ್ದು ರಕ್ತಸ್ರಾವ ಹೆಚ್ಚಾದದ್ದನ್ನು, ಹೃದಯಕ್ಕೆ ಲಾಭವಾದದ್ದನ್ನಲ್ಲ. ಒಮ್ಮೆ ಹೃದಯಾಘಾತವಾದವರಿಗೆ ಡಾಕ್ಟರು ಬರೆದುಕೊಟ್ಟ ಆಸ್ಪಿರಿನ್ ಮಾತ್ರ ಬೇರೆ ವಿಷಯ, ಅದನ್ನು ಬಿಡಬಾರದು. ಕೀವಾದಾಗ ಮೊದಲು ಮುಳ್ಳು ತೆಗೆಯಬೇಕು. ಇಲ್ಲಿ ಮುಳ್ಳೆಂದರೆ ಹೊಗೆ, ತಂಬಾಕು, ಅಡಿಕೆ, ಬಿಪಿ, ಸಕ್ಕರೆ, ಎಲ್‌ಡಿಎಲ್.

ದುಡಿಯುವ ತೆಳ್ಳಗಿನ ಮೈಗೆ ಇದೆಲ್ಲ ಬರುವುದಿಲ್ಲ ಎಂಬುದು ಕೊನೆಯ ನಂಬಿಕೆ. 52 ದೇಶಗಳಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53, ಬೇರೆಯವರಿಗಿಂತ ಐದಾರು ವರ್ಷ ಮೊದಲು. ದುಡಿಮೆ ನಾಳವನ್ನು ಕಾಪಾಡುತ್ತದೆ, ಆದರೆ ಬೀಡಿಯ ಹೊಗೆಯನ್ನು ಅದು ತೊಳೆಯದು. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯಾಪಾಯದಲ್ಲಿ ಅರ್ಧದಷ್ಟು ಇದ್ದೇ ಇರುತ್ತದೆ, ಏಕೆಂದರೆ ಆ ಒಳಪದರ ಅಷ್ಟು ಸೂಕ್ಷ್ಮ. ಪೂರ್ತಿ ಬಿಟ್ಟವರಲ್ಲಿ ಒಂದು ವರ್ಷದೊಳಗೆ ಆ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಜೀವವಿರುವ ಪದರವಾದ್ದರಿಂದಲೇ ಅದು ಚೇತರಿಸಿಕೊಳ್ಳುತ್ತದೆ, ಪೈಪಿಗೆ ಆ ಭಾಗ್ಯವಿಲ್ಲ.

ಮೂವತ್ತು ದಾಟಿದವರು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ, ಬಾಯಿ ತೆರೆದು ಕೆನ್ನೆಯನ್ನೂ ತೋರಿಸಿ. ಎದೆ ಹಿಡಿದು, ಬೆವರು ಕಿತ್ತು, ಎಡಗೈಗೋ ದವಡೆಗೋ ನೋವು ಹರಿದರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಕಾಯಬೇಡಿ. ಚಳ್ಳಕೆರೆಯಿಂದ ಚಿತ್ರದುರ್ಗ ಸುಮಾರು ಮೂವತ್ತು ಕಿಲೋಮೀಟರ್, ಮೊಳಕಾಲ್ಮುರಿನಿಂದ ಇನ್ನೂ ದೂರ. 108ಕ್ಕೆ ಕೂಡಲೇ ಫೋನ್ ಮಾಡಿ.