‘ಆಟಿಡೊಂಜಿ ದಿನ’ದ ತಟ್ಟೆಯಲ್ಲಿ ಗೇಣಿಯ ಕತೆ

ಮಳೆಗಾಲದಲ್ಲಿ ಬೆಳ್ತಂಗಡಿ ಕಡೆ ಬಂದರೆ ಯಾವುದಾದರೊಂದು ಸಭಾಭವನದ ಎದುರು ‘ಆಟಿಡೊಂಜಿ ದಿನ’ದ ಬ್ಯಾನರ್ ಕಾಣುತ್ತೆ. ಒಳಗೆ ಪತ್ರೊಡೆ, ಕಣಿಲೆ ಪಲ್ಯ, ತಜಂಕ್ ಸೊಪ್ಪಿನ ವಡೆ, ಉಪ್ಪಿಗೆ ಹಾಕಿಟ್ಟ ಹಲಸಿನ ತೊಳೆ. ವೇದಿಕೆಯಲ್ಲಿ ಭಾಷಣ: ನಮ್ಮ ಹಿರಿಯರು ಎಂಥಾ ಆರೋಗ್ಯಕರ ಊಟ ಮಾಡ್ತಿದ್ದರು! ಊಟವೇನೋ ಚೆನ್ನಾಗಿರುತ್ತೆ, ನಾನೂ ಎರಡೆರಡು ಸಲ ಬಡಿಸಿಕೊಳ್ತೇನೆ. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಪತ್ರೊಡೆಯ ಅಕ್ಕಿ ಬಿಟ್ಟರೆ ಗದ್ದೆಯಲ್ಲಿ ಬೆಳೆದದ್ದು ಏನಿದೆ? ಮಿಕ್ಕಿದ್ದೆಲ್ಲ ಬೇಲಿ, ಗುಡ್ಡ, ಹಿತ್ತಲಿನದ್ದು.

ಆಟಿ ಅಂದರೆ ಜುಲೈ-ಆಗಸ್ಟ್. ಏಣೇಲು ಭತ್ತದ ನಾಟಿ ಮುಗಿದಿರುತ್ತೆ, ಕೊಯ್ಲು ಇನ್ನೂ ದೂರ. ನೆರಿಯದಂಥ ಘಟ್ಟದ ಬುಡದ ಊರುಗಳಲ್ಲಿ ಬಿಡದೆ ಮಳೆ, ಕೂಲಿಯೂ ಕಷ್ಟ. ಇದರ ಮೇಲೆ ಗೇಣಿ. ಒಕ್ಕಲು ಬೆಳೆದ ಅಕ್ಕಿ ಮುಡಿಯಾಗಿ ಧಣಿಯ ಮನೆ ಸೇರುತ್ತಿತ್ತು. ಅಕ್ಕಿ ಬೆಳೆದವನ ಮನೆಯಲ್ಲೇ ಆಟಿಗೆ ಅಕ್ಕಿ ಇರುತ್ತಿರಲಿಲ್ಲ. ಕೆಸುವಿನ ಎಲೆ ಗಂಟಲು ತುರಿಸುತ್ತೆ, ಅದಕ್ಕೇ ಹುಳಿ ಬೇಕು. ಕಣಿಲೆಯನ್ನು ಹೆಚ್ಚಿ, ದಿನಗಟ್ಟಲೆ ನೀರು ಬದಲಿಸಿ ನೆನೆಸದಿದ್ದರೆ ವಿಷ. ಹೊಟ್ಟೆ ತುಂಬಿದವರು ಇಂಥದ್ದನ್ನೆಲ್ಲ ಕಂಡುಹಿಡಿಯೋ ಉಸಾಬರಿಗೆ ಹೋಗ್ತಾರಾ? ಧಣಿಯ ಮನೆಯಲ್ಲೂ ಪತ್ರೊಡೆ ಬೇಯುತ್ತಿತ್ತು ನಿಜ. ಅಲ್ಲಿ ಅದು ರುಚಿಗೆ.

ಬಡವರ ಊಟ ಹೀಗೆ ‘ಪರಂಪರೆ’ಯಾಗೋದು ನಮ್ಮಲ್ಲಿ ಮಾತ್ರ ಅಲ್ಲ. ಇಟಲಿಯ ಪೊಲೆಂಟಾ ಇವತ್ತು ದುಬಾರಿ ರೆಸ್ಟೋರೆಂಟುಗಳ ಮೆನುವಿನಲ್ಲಿದೆ. ಅದು ಜೋಳದ ಹಿಟ್ಟಿನ ಗಟ್ಟಿ ಅಂಬಲಿ, ಅಮೆರಿಕದಿಂದ ಬಂದ ಮೆಕ್ಕೆಜೋಳದ್ದು. ಉತ್ತರ ಇಟಲಿಯ ಜಮೀನ್ದಾರರು ಗೋಧಿಯನ್ನು ಮಾರಿಕೊಂಡರು, ಗೇಣಿದಾರರಿಗೆ ಉಳಿದದ್ದು ಪೊಲೆಂಟಾ. ಬರೀ ಅದನ್ನೇ ತಿಂದು ಚರ್ಮ ಸುಲಿದು, ಬುದ್ಧಿ ಕೆಟ್ಟು ಸಾವಿರಾರು ಜನ ಸತ್ತರು. ಪೆಲ್ಲಾಗ್ರಾ ಎಂದು 1771ರಲ್ಲಿ ಹೆಸರಿಟ್ಟ ಆ ಕಾಯಿಲೆ ನಿಯಾಸಿನ್ ಕೊರತೆಯದ್ದು. ಮೆಕ್ಸಿಕೊದವರು ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸುತ್ತಿದ್ದರು, ಅವರಿಗೆ ಈ ತೊಂದರೆ ಬರಲಿಲ್ಲ. ಯುರೋಪಿಗೆ ಕಾಳು ಬಂತು, ಆ ತಿಳಿವಳಿಕೆ ಬರಲಿಲ್ಲ.

ನಮ್ಮಲ್ಲಿ ಆಟಿಯ ಹಸಿವು ಹೋದದ್ದು ಪತ್ರೊಡೆಯ ಕಬ್ಬಿಣಾಂಶದಿಂದಲ್ಲ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನು ನಿಲ್ಲಿಸಿತು, ರೇಷನ್ ಅಕ್ಕಿ ಬಂತು. ‘ಉಳುವವನೇ ಹೊಲದೊಡೆಯ’ ಆದ ಮೇಲೆಯೇ ಈ ಮನೆಗಳಲ್ಲಿ ಪತ್ರೊಡೆ ಬೇಕಾದರೆ ಮಾಡುವ ತಿಂಡಿಯಾಯಿತು. ಆದರೆ ‘ಆಟಿಡೊಂಜಿ ದಿನ’ದ ಭಾಷಣಗಳಲ್ಲಿ ಗೇಣಿ ಅನ್ನೋ ಶಬ್ದವನ್ನೇ ನಾನು ಕೇಳಿಲ್ಲ.

ಮುಂದಿನ ಆಟಿಗೆ ಹೋದಾಗ ಪಂಕ್ತಿಯಲ್ಲಿ ಪಕ್ಕ ಕೂತ ಅಜ್ಜಿಯನ್ನು ಒಂದು ಮಾತು ಕೇಳಿ: ‘ಅಜ್ಜಿ, ಆಗ ಪತ್ರೊಡೆಗೆ ಎಲೆ ಎಷ್ಟು, ಅಕ್ಕಿ ಎಷ್ಟು ಹಾಕ್ತಿದ್ರಿ?’