ಅಂಜದೀವ

ಪುಷ್ಪಗಿರಿಯ ಸೀಮೆಯಲ್ಲಿ ಹುಟ್ಟಿ ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಸುಳ್ಯದ ಪಯಸ್ವಿನಿ ಕಾಸರಗೋಡಿನ ದಾರಿ ಹಿಡಿಯುತ್ತದೆ. ಕೊನೆಗೆ ಇವೆಲ್ಲ ಸೇರುವುದು ಒಂದೇ ಸಮುದ್ರವನ್ನು. ಆದರೂ ಪುತ್ತೂರು, ಸುಳ್ಯ, ಕಡಬಗಳ ಮಕ್ಕಳಿಗೆ ಸಮುದ್ರವೆಂದರೆ ರಜೆಯಲ್ಲೊಮ್ಮೆ ಪಣಂಬೂರಿಗೋ ಉಳ್ಳಾಲಕ್ಕೋ ಹೋಗಿ ಕಾಲು ತೋಯಿಸಿಕೊಂಡು ಬರುವ ಸ್ಥಳ, ಅಷ್ಟೆ. ಕಬಕ ಪುತ್ತೂರಿನಲ್ಲಾಗಲಿ ನೆಟ್ಟಣದಲ್ಲಾಗಲಿ ಕಾರವಾರದ ರಾತ್ರಿ ರೈಲು ಹತ್ತಿದವರು ಬೆಳಗಾಗುವ ಹೊತ್ತಿಗೆ ಉತ್ತರ ಕನ್ನಡದ ಕರಾವಳಿಯಲ್ಲಿರುತ್ತಾರೆ. ಅಲ್ಲಿ ಬೆಟ್ಟಗಳು ಕಡಲಿನೊಳಕ್ಕೇ ಇಳಿದುಬಂದಿವೆ. ಕೆಲವು ಬೆಟ್ಟಗಳ ನೆತ್ತಿ ಮಾತ್ರ ನೀರಿನ ಮೇಲೆ ಉಳಿದಿದೆ. ಅವೇ ಕಾರವಾರದ ದ್ವೀಪಗಳು: ಕೂರ್ಮಗಡ, ದೇವಗಡ, ಅಂಜದೀವ ಮೊದಲಾದವು.

ಇವುಗಳಲ್ಲಿ ದೊಡ್ಡದು ಅಂಜದೀವ. ದೊಡ್ಡದೆಂದರೂ ಉದ್ದ ಸುಮಾರು ಒಂದೂವರೆ ಕಿಲೋಮೀಟರು. ಅಗಲ ಅದಕ್ಕಿಂತ ಬಹಳ ಕಡಿಮೆ. ಬಿಣಗಾ ಕೊಲ್ಲಿಯ ಎದುರಿಗಿರುವ ಈ ದ್ವೀಪ ಕಾರವಾರಕ್ಕೆ ಅಷ್ಟು ಹತ್ತಿರವಿದ್ದರೂ ಆಡಳಿತದ ಲೆಕ್ಕದಲ್ಲಿ ಗೋವಾ ರಾಜ್ಯಕ್ಕೆ ಸೇರಿದ್ದು. ಇದಕ್ಕೆ ಕಾರಣ ಪೋರ್ಚುಗೀಸರ ಕಾಲದ ಇತಿಹಾಸ. ದ್ವೀಪದಲ್ಲಿ ಹಿಂದೆ ಆರ್ಯಾದುರ್ಗೆಯ ಗುಡಿಯಿತ್ತೆಂದೂ, ಪರದೇಶದವರ ಕಾಟಕ್ಕೆ ದೇವಿಯನ್ನು ಅಂಕೋಲೆಗೆ ಸಾಗಿಸಿದರೆಂದೂ, ಆ ದೇವಿಯ ಹೆಸರೇ ಸವೆದು 'ಅಂಜದೀವ'ವಾಯಿತೆಂದೂ ಪ್ರತೀತಿಯಿದೆ. ಹೆಸರಿನ ಮೂಲವನ್ನು ಕುರಿತು ಬೇರೆ ಊಹೆಗಳೂ ಉಂಟು. ಅಂಕೋಲೆಯಲ್ಲಿ ಆರ್ಯಾದುರ್ಗೆಯ ದೇವಾಲಯ ಇರುವುದಂತೂ ನಿಜ.

ಇಷ್ಟು ಸಣ್ಣ ನೆಲಕ್ಕಾಗಿ ದೂರದೂರದವರು ಏಕೆ ಬಡಿದಾಡಿದರು? ಉತ್ತರ ಸರಳವಾಗಿದೆ: ಸಿಹಿನೀರು. ಹಾಯಿಹಡಗಿನ ಕಾಲದಲ್ಲಿ ನಾವಿಕನ ಸುತ್ತ ನೀರೇ ನೀರು, ಕುಡಿಯಲು ಮಾತ್ರ ಪೀಪಾಯಿಯಲ್ಲಿ ಹೊತ್ತುಕೊಂಡುಬಂದಷ್ಟೇ. ನೀರು, ಸೌದೆ, ಗಾಳಿಯಿಂದ ಮರೆ, ಈ ಮೂರೂ ದೊರೆಯುವ ಸ್ಥಳ ಅವನಿಗೆ ಚಿನ್ನದ ಗಣಿಗಿಂತ ಹೆಚ್ಚು. ಅಂಜದೀವದಲ್ಲಿ ಮೂರೂ ಇದ್ದವು. ನಮ್ಮ ಕರಾವಳಿಯ ಮಳೆಯ ಬಿರುಸು ನಿಮಗೆ ಗೊತ್ತೇ ಇದೆ. ಆ ಮಳೆಯ ನೀರು ದ್ವೀಪದ ಮಣ್ಣಿನೊಳಗೆ ಇಂಗಿ, ಬಂಡೆಯ ಸಂದುಗಳಲ್ಲಿ ನಿಂತು, ತಗ್ಗಿನಲ್ಲಿ ಒಸರುತ್ತದೆ. ಅದನ್ನು ಹಿಡಿದಿಡಲು ಹಿಂದಿನವರು ಕಲ್ಲು ಕಟ್ಟಿದ ಕೆರೆಯನ್ನೇ ನಿರ್ಮಿಸಿದ್ದರು.

1342ರ ಸುಮಾರಿಗೆ ಈ ಕಡಲಿನಲ್ಲಿ ಪ್ರಯಾಣ ಮಾಡಿದ ಇಬ್ನ್ ಬತೂತ ಎಂಬ ಅರಬ್ಬೀ ಪ್ರವಾಸಿ, ಗೋವೆಯ ಬಳಿಯ ಒಂದು ಸಣ್ಣ ದ್ವೀಪದಲ್ಲಿ ಗುಡಿಯ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಜೋಗಿಯನ್ನು ಕಂಡುದಾಗಿ ಬರೆದಿದ್ದಾನೆ. ಆ ದ್ವೀಪ ಅಂಜದೀವವೇ ಇರಬೇಕೆಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ಅಲ್ಲಿಂದ ಒಂದೂವರೆ ಶತಮಾನದ ಮೇಲೆ, 1498ರ ಸೆಪ್ಟೆಂಬರಿನಲ್ಲಿ, ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮನ ಹಡಗುಗಳು ಇಲ್ಲಿ ಲಂಗರು ಹಾಕಿದುವು. ಅವನ ಸಂಗಡಿಗರಲ್ಲೊಬ್ಬನು ಬರೆದಿಟ್ಟ ದಿನಚರಿ ಇಂದಿಗೂ ಉಳಿದಿದೆ. ಕೆತ್ತಿದ ಕಲ್ಲಿನಿಂದ ಕಟ್ಟಿ ಈಗ ಪಾಳುಬಿದ್ದಿರುವ ಒಂದು ದೊಡ್ಡ ಕಟ್ಟಡ, ಅದರಲ್ಲಿ ಹುಲ್ಲು ಹೊದಿಸಿದ ಒಂದು ಭಾಗ, ಒಳಗೆ ಪೂಜೆಗೊಳ್ಳುವ ಮೂರು ಕರಿಯ ಕಲ್ಲುಗಳು, ಕಾಡಿನ ನಡುವೆ ಅದೇ ಕುಶಲತೆಯಿಂದ ಕಟ್ಟಿದ ಕೆರೆ, ಇವಿಷ್ಟನ್ನು ಆ ಬರೆಹಗಾರನು ವರ್ಣಿಸಿದ್ದಾನೆ. ಆ ಕಟ್ಟಡವನ್ನು ಅವನು ಇಗರ್ಜಿಯೆಂದು ಭಾವಿಸಿದ್ದ! ತಾನು ಬಲ್ಲುದನ್ನೇ ಎಲ್ಲೆಡೆಯೂ ಕಾಣುವುದು ಪ್ರವಾಸಿಗಳ ಹಳೆಯ ಚಾಳಿ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಯುರೋಪಿನವರು ಕಾಲಿಟ್ಟ ದಿನವೇ ಈ ದ್ವೀಪದಲ್ಲಿ ಹಳೆಯ ಅವಶೇಷಗಳಿದ್ದುವು. ಅವರು ತಮ್ಮವನ್ನು ಅವುಗಳ ಮೇಲೆ ಕೂಡಿಸಿದರು.

ಅಂಜದೀವದಲ್ಲಿ ಗಾಮನು ಹಡಗುಗಳನ್ನು ದಡಕ್ಕೆ ವಾಲಿಸಿ ಕೆರೆದು ಸರಿಪಡಿಸಿಕೊಂಡು, ನೀರು ತುಂಬಿಕೊಂಡು, ಅಕ್ಟೋಬರಿನ ಆರಂಭದಲ್ಲಿ ಹೊರಟನು. ಆದರೆ ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಬರುವಾಗ ತಿಂಗಳೊಳಗೆ ದಾಟಿದ್ದ ಸಮುದ್ರವನ್ನು ಮರಳಿ ದಾಟಲು ಮೂರು ತಿಂಗಳು ಹಿಡಿಯಿತು. ತಾಜಾ ಕಾಯಿಪಲ್ಲೆ ಹಣ್ಣುಗಳಿಲ್ಲದೆ ನಾವಿಕರ ಒಸಡುಗಳು ಬಾತು, ಮೈ ಊದಿ, ಸುಮಾರು ಮೂವತ್ತು ಮಂದಿ ಸತ್ತರು. 'ಸಿ' ಜೀವಸತ್ವದ ಕೊರತೆಯಿಂದ ಬರುವ ಈ ರೋಗಕ್ಕೆ ನಮ್ಮ ಹಿತ್ತಲಿನ ಲಿಂಬೆ, ನೆಲ್ಲಿಗಳೇ ಮದ್ದು. ಅದು ಅವರಿಗೆ ತಿಳಿದಿರಲಿಲ್ಲ.

1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡನು ಇಲ್ಲೊಂದು ಕೋಟೆ ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಿ ಹೊರಟುಹೋದರು. ಇದಕ್ಕಿಂತ ಮನಕಲಕುವ ಕಥೆ ಆಂಗ್ಲ ಸೈನಿಕರದು. 1661ರ ವಿವಾಹದ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿಯ ಜೊತೆಗೆ ಮುಂಬಯಿ ದ್ವೀಪವು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಬಳುವಳಿಯಾಗಿ ಬಂದಿತ್ತು. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ಸುಮಾರು ನಾನೂರು ಸೈನಿಕರೊಡನೆ 1662ರಲ್ಲಿ ಬಂದನು. ಕಾಗದಪತ್ರಗಳು ಸರಿಯಿಲ್ಲವೆಂದು ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಮುಂಬಯಿಯನ್ನು ಬಿಟ್ಟುಕೊಡಲಿಲ್ಲ. ಸೂರತ್ತಿನಲ್ಲಿ ಸೈನ್ಯ ಇಳಿಸಲು ಮೊಗಲರ ಒಪ್ಪಿಗೆ ಸಿಗುವಂತಿರಲಿಲ್ಲ. ಕರೆತಂದ ಹಡಗುಗಳು ಸ್ವದೇಶಕ್ಕೆ ಮರಳಿದುವು. ಎಲ್ಲಿಗೂ ಬೇಡವಾದ ಆ ಪಡೆ ಅಂಜದೀವದಲ್ಲಿ ಇಳಿಯಿತು. ಎರಡು ಮಳೆಗಾಲಗಳನ್ನು ಅವರು ಅಲ್ಲಿ ಕಳೆದರು. ಹವೆ ಒಗ್ಗದೆ ರೋಗಗಳಿಗೆ ತುತ್ತಾಗಿ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ನನೂ ಸತ್ತನು. 1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ ಎಂಬವನು ಕಡೆಗೂ ಮುಂಬಯಿಯನ್ನು ವಹಿಸಿಕೊಂಡಾಗ ಅವನ ಸಂಗಡ ಉಳಿದಿದ್ದವರು ನೂರರ ಆಸುಪಾಸು. ಮುಂದೆ ಸಾಮ್ರಾಜ್ಯವಾಗಿ ಬೆಳೆದ ಆಳ್ವಿಕೆಯ ಚರಿತ್ರೆಯಲ್ಲಿ ಈ ಸಾಮಾನ್ಯ ಸಿಪಾಯಿಗಳ ಹೆಸರಿಲ್ಲ. 1837ರಲ್ಲಿ ಅಮರಸುಳ್ಯದ ರೈತರು ಬೆಳ್ಳಾರೆಯಲ್ಲಿ ವಶಪಡಿಸಿಕೊಂಡುದು ಅದೇ ಆಳ್ವಿಕೆಯ ಖಜಾನೆಯನ್ನು. ಬೆಳ್ಳಾರೆಗೂ ಅಂಜದೀವಕ್ಕೂ ಹೀಗೊಂದು ದೂರದ ನಂಟುಂಟು.

ಮರಾಠರ ಸಂಭಾಜಿಯ ಭಯದಿಂದ ಪೋರ್ಚುಗೀಸರು 1682ರಲ್ಲಿ ಮತ್ತೆ ಬಂದು ಭದ್ರವಾದ ಕೋಟೆ ಕಟ್ಟಿದರು. ಕೋಟೆಯೊಡನೆ ಇಗರ್ಜಿಗಳೂ ಬಂದುವು. ಬ್ರೋಟಾಸ್ ಮಾತೆಯ ಇಗರ್ಜಿ ಅವುಗಳಲ್ಲಿ ಪ್ರಸಿದ್ಧವಾದುದು. ಆಮೇಲಿನ ಎರಡೂ ಮುಕ್ಕಾಲು ಶತಮಾನ ದ್ವೀಪ ಅವರ ಕೈಯಲ್ಲೇ ಉಳಿಯಿತು. ಹೇಳಿಕೊಳ್ಳುವಂಥದೇನೂ ಅಲ್ಲಿ ನಡೆಯಲಿಲ್ಲ.

ಭಾರತ ಸ್ವತಂತ್ರವಾದ ಮೇಲೂ ಗೋವೆ ಪರಾಧೀನವಾಗಿದ್ದಿತಷ್ಟೆ. 1961ರ ನವೆಂಬರಿನಲ್ಲಿ ಅಂಜದೀವದಿಂದ ನಮ್ಮ ಒಂದು ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಒಬ್ಬ ಬೆಸ್ತನು ಮಡಿದನು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ ನೌಕಾಪಡೆಯ 'ತ್ರಿಶೂಲ' ಮತ್ತು 'ಮೈಸೂರು' ಹಡಗುಗಳಿಗೆ ಈ ದ್ವೀಪದ ಹೊಣೆ ಬಿದ್ದಿತು. 'ಮೈಸೂರು' ಹಡಗಿನ ಲಾಂಛನ ನಮ್ಮ ಗಂಡಭೇರುಂಡವೇ. ದ್ವೀಪದವರು ಬಿಳಿಯ ಬಾವುಟ ತೋರಿಸಿ, ನಮ್ಮವರು ದಡಕ್ಕೆ ಇಳಿಯುತ್ತಿದ್ದಂತೆ ಗುಂಡು ಹಾರಿಸಿದರು. ಏಳು ಮಂದಿ ಭಾರತೀಯ ನಾವಿಕರು ಪ್ರಾಣ ತೆತ್ತರು. ಕೋಟೆಯ ಸಾಲುಗಲ್ಲುಗಳನ್ನು ಎಣಿಸುವ ಪ್ರವಾಸಕಥನಗಳಲ್ಲಿ ಈ ಏಳು ಜೀವಗಳ ಮಾತು ಅಪರೂಪವಾಗಿರುವುದು ನನಗೆ ಸರಿಯೆನಿಸುವುದಿಲ್ಲ.

ಇಂದು ಅಂಜದೀವಕ್ಕೆ ಹೋಗಲು ನಮಗೆ ಅನುಮತಿಯಿಲ್ಲ. 1986ರಲ್ಲಿ ಅಡಿಗಲ್ಲು ಬಿದ್ದ 'ಸೀಬರ್ಡ್' ಯೋಜನೆಯ ನೌಕಾನೆಲೆ 2005ರಲ್ಲಿ 'ಕದಂಬ' ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಅಲೆತಡೆಯ ದೊಡ್ಡ ಕಲ್ಲಿನ ಗೋಡೆ ದ್ವೀಪವನ್ನು ನೆಲಕ್ಕೆ ಜೋಡಿಸಿತು; ಅಂಜದೀವ ಈಗ ಪೂರ್ಣಾರ್ಥದಲ್ಲಿ ದ್ವೀಪವೇ ಅಲ್ಲ. ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಈ ನೆಲೆಗಾಗಿ ಮನೆ, ಗದ್ದೆ, ಕಡಲದಂಡೆಗಳನ್ನು ಬಿಟ್ಟುಕೊಟ್ಟುವು. ದೇಶದ ರಕ್ಷಣೆಗೆ ಬೆಲೆ ತೆರುವವರು ಸೈನಿಕರು ಮಾತ್ರವಲ್ಲ.

ದ್ವೀಪದ ಬಾಳನ್ನು ಕಣ್ಣಾರೆ ಕಾಣಬೇಕೆನ್ನುವವರು ನೆರೆಯ ಕೂರ್ಮಗಡ, ದೇವಗಡಗಳತ್ತ ದೋಣಿಯಲ್ಲಿ ಹೋಗಬಹುದು. ದೇವಗಡದಲ್ಲಿ ಆಂಗ್ಲರು 1864ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯಿದ್ದು, ಜನವರಿಯ ಹೊತ್ತಿಗೆ ಜಾತ್ರೆ ನಡೆಯುತ್ತದೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ತೀರಿಕೊಂಡರು. ದೋಣಿಯವನು ಕೊಡುವ ತೇಲಂಗಿಯನ್ನು ಸೆಕೆಯೆಂದು ಬಿಚ್ಚಿಡಬೇಡಿ.

ಇಂಥ ದ್ವೀಪಗಳಲ್ಲಿ ಪಾಳುಗೋಡೆಯನ್ನು ನಿಧಾನವಾಗಿ ನೋಡಬೇಕು. ಹಕ್ಕಿ ತಿಂದ ಗೋಳಿಹಣ್ಣಿನ ಬೀಜ ಹಿಕ್ಕೆಯೊಡನೆ ಗೋಡೆಯ ಬಿರುಕಿಗೆ ಬೀಳುತ್ತದೆ. ಗಾರೆಯ ಸುಣ್ಣವೂ ಮಳೆಯ ಪಸೆಯೂ ಅದಕ್ಕೆ ಸಾಕು. ಕೂದಲೆಳೆಯಂಥ ಬೇರು ಸಂದಿಗೆ ಇಳಿದು, ವರ್ಷವರ್ಷಕ್ಕೂ ದಪ್ಪವಾಗಿ, ಕಲ್ಲುಗಳನ್ನು ಅಗಲಿಸುತ್ತದೆ. ಕೆಲವೆಡೆ ಬೀಳಬೇಕಾದ ಗೋಡೆಯನ್ನು ಅದೇ ಬೇರು ತಬ್ಬಿ ನಿಲ್ಲಿಸಿರುವುದೂ ಉಂಟು. ಎತ್ತರದ ಮರದ ಕವಲಿನಲ್ಲಿ ಸೌದೆಯ ಹೊರೆಯಂಥ ಗೂಡು ಕಂಡರೆ ಅದು ಬಿಳಿಹೊಟ್ಟೆಯ ಕಡಲಹದ್ದಿನದು. ಜೋಡಿಹಕ್ಕಿಗಳು ಅದೇ ಗೂಡಿಗೆ ಮರಳಿ ಬಂದು ಕಡ್ಡಿ ಸೇರಿಸುತ್ತವೆ. ಮೀನಿನಂತೆ ಕಡಲಹಾವೂ ಅವಕ್ಕೆ ಆಹಾರ. ಅದೃಷ್ಟವಿದ್ದರೆ ದೋಣಿಯ ಪಕ್ಕದಲ್ಲೇ ಗೂನುಬೆನ್ನಿನ ಡಾಲ್ಫಿನ್ನುಗಳು ಮೂಡಿ ಮುಳುಗುತ್ತವೆ.

ದಕ್ಷಿಣಕ್ಕೆ, ಮುರ್ಡೇಶ್ವರದಿಂದ ಕಾಣುವ ನೇತ್ರಾಣಿ ಇನ್ನೂ ಸೊಗಸಾದುದು. ಅಲ್ಲಿ ನೀರಿನೊಳಗೆ ಹವಳದ ತೋಟ. ಬಂಡೆಯ ಗವಿಗಳಲ್ಲಿ ಎಂಜಲಿನಿಂದ ಗೂಡು ಕಟ್ಟುವ ಬಾನಾಡಿಗಳು. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿಕೊಂಡಾಗ ಪ್ರಕೃತಿಪ್ರಿಯರು ವಿರೋಧಿಸಿದ್ದರು. ಹರಕೆಯೆಂದು ಮೀನುಗಾರರು ತಂದು ಬಿಟ್ಟ ಆಡುಗಳು ಅಲ್ಲಿ ಕಾಡಾಡುಗಳಾಗಿ, ಕಡಿದಾದ ಬಂಡೆಗಳ ಅಂಚಿನಲ್ಲಿ ಯಾರ ಹಂಗೂ ಇಲ್ಲದೆ ಮೇಯುತ್ತವೆ.